ಮುಸುಕಿನ ಕೆಳಗಿನ ಗೀಟು

ನಮ್ಮ ಸೂಪರ್‌ಹೀರೋ ಕಾಮಿಕ್ಸಿಗೆ ಚಿತ್ರ ಬರೆಯುತ್ತಿದ್ದವಳು ಅಕ್ಕ. ಅವಳ ಪಾತ್ರಗಳ ಬಾಯಿಗೆ ಮಾತು ತುಂಬುತ್ತಿದ್ದವನು ನಾನು. ಒಡಹುಟ್ಟಿದವಳೇನಲ್ಲ, ಆಫೀಸಿಗೆಲ್ಲ ಅವಳು ಅಕ್ಕ, ಅವಳ ಗಂಡ ಭಾವ. ಭಾವ ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಊಟದ ಡಬ್ಬಿ ತರುತ್ತಿದ್ದರು. ‘ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು’ ಎಂದು ಛೇಡಿಸುತ್ತಿದ್ದೆವು. ಒಂದು ಗಂಟೆ ಹತ್ತಿರವಾದರೆ ಅಕ್ಕನ ಮಾತು ನಿಂತುಹೋಗುತ್ತಿತ್ತು. ಹಸಿವು ಅಂದುಕೊಂಡಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ!

ಖಳನಾಯಕ ಕರಿಮುಸುಕನ ಮುಖವನ್ನು ಎಂಟು ವರ್ಷ ಯಾರೂ ಕಂಡಿರಲಿಲ್ಲ. ಕಾಣುತ್ತಿದ್ದದ್ದು ಕಣ್ಣೆರಡೇ. ಆದರೂ ಅಕ್ಕ ಪ್ರತಿ ಸಲ ಪೆನ್ಸಿಲಿನಲ್ಲಿ ಇಡೀ ಮುಖ ಬರೆದು, ಅಳಿಸಿ, ಆಮೇಲೆ ಮುಸುಕು ಹಾಕುತ್ತಿದ್ದಳು. ‘ಕೆಳಗೆ ಮುಖ ಇಲ್ದಿದ್ರೆ ಬಟ್ಟೆ ಸರಿಯಾಗಿ ಕೂರಲ್ಲ ಕಣೋ’ ಎನ್ನುತ್ತಿದ್ದಳು.

ನೂರನೇ ಸಂಚಿಕೆಯಲ್ಲಿ ಮುಸುಕು ಕಳಚಬೇಕೆಂದು ಸಂಪಾದಕರು ಹಟ ಹಿಡಿದರು. ಒಳಗಿರುವವನು ಊರಿನ ಸಾಧು ಡಾಕ್ಟರು ಎಂದು ಕಥೆ. ಅಕ್ಕ ಮೂರು ದಿನ ಡಾಕ್ಟರ ಮುಖ ಬರೆದಳು, ಹರಿದಳು. ಆ ಕಣ್ಣುಗಳ ಕೆಳಗೆ ಆ ಮೂಗು, ಬಾಯಿ ಹೊಂದಲೇ ಇಲ್ಲ.

ಅವಳು ಅಳಿಸಿದ್ದ ಮುಖ ಸಿಕ್ಕರೆ ನೆರವಾದೀತೆಂದು ನಾನು ಕಪಾಟಿನಿಂದ ಕರಿಮುಸುಕನ ಹಳೆಯ ಹಾಳೆಯೊಂದನ್ನು ತೆಗೆದೆ. ಹಿಂಬದಿ ತಿರುಗಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದೆ. ಒತ್ತಿ ಬರೆದಿದ್ದ ಗೀಟುಗಳು ಒಂದೊಂದಾಗಿ ಎದ್ದವು: ಗಲ್ಲದ ಗುಳಿ, ಓರೆ ನಗು. ಇನ್ನೊಂದು ಹಾಳೆ ಉಜ್ಜಿದೆ. ಮತ್ತೊಂದು. ಎಲ್ಲದರಲ್ಲೂ ಅದೇ ಮುಖ, ಭಾವನ ಮುಖ.

ತಲೆಯೆತ್ತಿದರೆ ಅಕ್ಕ ಎದುರಿಗೇ ನಿಂತಿದ್ದಳು.

‘ಮನೇಲಿ ಹೊಡೀತಾರೆ ಕಣೋ. ಯಾರ ಹತ್ರ ಹೇಳ್ಲಿ? ನೀವೆಲ್ಲ ಅವರನ್ನ ದೇವರು ಅಂತೀರ.’

ನಾಚಿಕೆಯಿಂದ ಭೂಮಿಗಿಳಿದುಹೋದೆ. ನೂರನೇ ಸಂಚಿಕೆಯ, ಮುಖದ ಜಾಗ ಖಾಲಿಯಿದ್ದ ಹಾಳೆಯನ್ನು ಅವಳ ಮುಂದಿಟ್ಟೆ.

‘ಇವರನ್ನೇ ಬರಿ ಅಕ್ಕ. ಸಂಪಾದಕರಿಗೆ ನಾನು ಹೇಳ್ಕೋತೀನಿ.’

ಅವಳು ಗಡಿಯಾರ ನೋಡಿದಳು. ಪೆನ್ಸಿಲ್ ಮುಟ್ಟದೆ ನೇರ ಇಂಕಿನಲ್ಲೇ ಬರೆದಳು.

ಒಂದಕ್ಕೆ ಸರಿಯಾಗಿ ಭಾವ ಬಂದ. ಇಂಕು ಇನ್ನೂ ಆರಿರಲಿಲ್ಲ. ಸುತ್ತ ನೆರೆದಿದ್ದ ಆಫೀಸಿನವರೆಲ್ಲ ಹಾಳೆ ನೋಡಿದರು, ಅವನನ್ನು ನೋಡಿದರು. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಗ್ಗಿದ. ಹಾಳೆಯ ಮೇಲಿದ್ದ ಓರೆ ನಗುವೇ ಅವನ ತುಟಿಯಲ್ಲೂ ಇತ್ತು.

‘ಯಾರಿದು?’ ಎಂದ ಮೆತ್ತಗೆ. ‘ಎಲ್ಲೋ ನೋಡಿದ ಹಾಗಿದೆ.’

‘ನಾವೂ ಈಗಲೇ ನೋಡ್ತಿರೋದು’ ಎಂದೆ.

ಅಕ್ಕ ಡಬ್ಬಿಯನ್ನು ಅವನ ಕಡೆಗೆ ತಳ್ಳಿದಳು.

‘ನಾನಿವತ್ತು ಮನೆಗೆ ಬರಲ್ಲ.’

ಎಂಟು ವರ್ಷದಲ್ಲಿ ಆ ಹೊತ್ತಿಗೆ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.