ವಿಭೂತಿಯ ಮೇಲೆ ಹೊರಿಸಿದ ತಪ್ಪು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಮುದುಕಪ್ಪನಿಗೆ ಒಂದು ಅಭ್ಯಾಸವಿತ್ತು. ಸಿಂಧನೂರಿಗೆ ಹೋಗುವ ಬಸ್ಸು ಮಾನ್ವಿಯೊಳಗೆ ಹೊಕ್ಕಿತೆಂದರೆ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಬಂದವನಂತೆ ಕೂತುಬಿಡುತ್ತಿದ್ದ. ಊರು ದಾಟಿದ ಮೇಲೇ ಅವನಿಗೆ ಎಚ್ಚರ. ಪಕ್ಕದಲ್ಲಿ ಕೂತವರು ಮಾನ್ವಿ ಬಂತೇನ್ರಿ ಎಂದು ಕೇಳಿದರೂ ಮಾತಿಲ್ಲ. ಮಾನ್ವಿಯವರು ಅವನಿಗೇನೂ ಕೆಟ್ಟದ್ದು ಮಾಡಿರಲಿಲ್ಲ. ಮಾಡಿದ್ದೆಲ್ಲ ಅವನೇ.

ಹೆಸರು ಮುದುಕಪ್ಪ ಅಂತಿದ್ದರೂ ಈ ಅಭ್ಯಾಸ ಶುರುವಾದಾಗ ಅವನಿಗಿನ್ನೂ ಮೂವತ್ತಾಗಿರಲಿಲ್ಲ. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ತಾಯಿ ಬೂದೆಮ್ಮ ದೊಡ್ಡ ಮಗನನ್ನು ಹಿಂಡಿನ ಹಿಂದೆ ಕಳಿಸಿ, ಸಣ್ಣವನಾದ ಇವನನ್ನು ರಾಯಚೂರಿಗೆ ಓದಲು ಕಳಿಸಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಅವನ ಜೊತೆ ಒಂದೇ ಖೋಲಿಯಲ್ಲಿ ಇದ್ದವನು ಜಿಲಾನಿ ಪಾಷಾ. ಡಿಪ್ಲೊಮಾ ಮುಗಿದ ಮೇಲೆ ಜಿಲಾನಿ ಶಕ್ತಿನಗರದಲ್ಲಿ ಒಬ್ಬ ಗುತ್ತೇದಾರನ ಕೈಕೆಳಗೆ ಕೆಲಸಕ್ಕೆ ಸೇರಿದ. ಮುದುಕಪ್ಪ ಟೈಪಿಂಗ್ ಕಲಿಸಲು ನಿಂತ. ಎಂಬತ್ತೇಳನೇ ಇಸವಿಯಲ್ಲಿ ಇನ್‌ಸ್ಟಿಟ್ಯೂಟಿನ ಯಜಮಾನರು ಒಂದು ಕಂಪ್ಯೂಟರ್ ತಂದಿಟ್ಟರು. ಉಳಿದ ಮಾಸ್ತರರು ಅದನ್ನು ಮುಟ್ಟಲು ಅಂಜಿದರು, ಮುದುಕಪ್ಪ ಮುಟ್ಟಿದ. ಅಷ್ಟಕ್ಕೇ ಅವನು ಕಂಪ್ಯೂಟರ್ ಮಾಸ್ತರ ಎನಿಸಿಕೊಂಡ. ಆ ಹೆಸರು ಅವನಿಗೆ ಬಹಳ ಹಿಡಿಸಿತು. ಕನ್ನಡಿಯ ಮುಂದೆ ನಿಂತು ತಲೆ ಬಾಚುವ ಹೊತ್ತು ಕೂಡ ಜಾಸ್ತಿಯಾಯಿತು ಎಂದು ಜಿಲಾನಿ ನಗುತ್ತಿದ್ದ.

ಆ ಯಂತ್ರಕ್ಕೆ ಬರುತ್ತಿದ್ದದ್ದು ಬೇಸಿಕ್ ಎಂಬ ಭಾಷೆ. ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಸಾಲು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಮುಗಿಯುವ ತನಕ ಮುಂದಿನ ಸಾಲಿಲ್ಲ. ಬೇಸಿಕ್ಕಿನ ಒಳಗೂ ಹಾಗೆ ಅರ್ಥ ಹೇಳುವವನೊಬ್ಬ ಕೂತಿರುತ್ತಾನೆ, ಇಂಟರ್‌ಪ್ರಿಟರ್ ಅಂತ ಅವನ ಹೆಸರು. ನೀವು ಬರೆದ ಸಾಲನ್ನು ಓದಿ, ಯಂತ್ರಕ್ಕೆ ತಿಳಿಹೇಳಿ, ಕೆಲಸ ಮಾಡಿಸಿ, ಆಮೇಲೆ ಮುಂದಿನದಕ್ಕೆ ಹೋಗುತ್ತಾನೆ. ಅದೇ ಸಾಲು ನೂರು ಸಲ ಬಂದರೆ ನೂರು ಸಲವೂ ಹೊಸದಾಗಿ ಅರ್ಥ ಹೇಳುತ್ತಾನೆ. ಸಾಧು ಮನುಷ್ಯ, ಆದರೆ ಬಹಳ ನಿಧಾನ.

ಮಾನ್ವಿಯ ಅಕ್ಕಿ ಗಿರಣಿಯ ಹಂಪಣ್ಣನ ಕೆಲಸ ಬಂದಾಗ ಈ ನಿಧಾನವೇ ಅಡ್ಡಿಯಾಯಿತು. ಹಂಪಣ್ಣನೂ ಒಂದು ಕಂಪ್ಯೂಟರ್ ಕೊಂಡಿದ್ದ. ಭತ್ತ ತಂದ ರೈತನಿಗೆ ಗೇಟಿನಲ್ಲಿ ಕೊಡುವ ಚೀಟಿ ಕನ್ನಡದಲ್ಲಿ ಬರಬೇಕು ಎಂದು ಅವನ ಆಸೆ. ಚೀಕಲಪರ್ವಿಯಿಂದ ಗಾಡಿ ಕಟ್ಟಿಕೊಂಡು ಬಂದವನಿಗೆ ಇಂಗ್ಲಿಷ್ ಚೀಟಿ ಕೊಟ್ಟರೆ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಿವಿಯ ಹಿಂದೆ ಸಿಕ್ಕಿಸುತ್ತಿದ್ದ. ಯಂತ್ರದಲ್ಲಿ ಕನ್ನಡ ಅಕ್ಷರ ಎಲ್ಲಿಂದ ಬರಬೇಕು? ಮುದುಕಪ್ಪ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದ. ಆದರೆ ಆ ಚುಕ್ಕಿಗಳನ್ನು ಬೇಸಿಕ್ಕಿನ ಕೈಯಲ್ಲಿ ಇಡಿಸುತ್ತ ಹೋದರೆ ಒಂದು ಹೆಸರು ಮೂಡುವುದರೊಳಗೆ ರೈತ ಬೀಡಿ ಸೇದಿ ಮುಗಿಸುತ್ತಿದ್ದ.

ದಾರಿ ತೋರಿಸಿದವನು ಶಕ್ತಿನಗರದಲ್ಲಿ ಇಂಥ ಯಂತ್ರದ ಕೆಲಸ ಕಲಿತಿದ್ದ ಜಿಲಾನಿ. ಅಕ್ಷರ ಬಿಡಿಸುವ ಕೆಲಸವನ್ನಷ್ಟೇ ಯಂತ್ರದ ಸ್ವಂತ ಭಾಷೆಯಲ್ಲಿ ಬರೆದು, ಫ್ಲಾಪಿ ಡಿಸ್ಕಿನಲ್ಲಿ ಇಟ್ಟುಕೊಟ್ಟ. ಬೇಸಿಕ್ ನಡೆಯುತ್ತಿರುವಾಗಲೇ ಅದನ್ನು ಡಿಸ್ಕಿನಿಂದ ಎತ್ತಿ ಯಂತ್ರದ ನೆನಪಿನೊಳಗೆ ಇಳಿಸಬೇಕು, ಬೇಕಾದಾಗ ಕರೆಯಬೇಕು. ಅದಕ್ಕೆ ಯಾರೂ ಅರ್ಥ ಹೇಳಬೇಕಿಲ್ಲ. ಕರೆದ ಕೂಡಲೇ ಅಕ್ಷರ ಇಟ್ಟು ಹಿಂದಕ್ಕೆ ಬರುತ್ತದೆ. ಮೊದಲ ಸಲ ಅದು ನಡೆದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ನಕ್ಕರು, ಅಷ್ಟು ಬೇಗ ಬಂದಿತ್ತು ಹೆಸರು.

ಕೊಡುವಾಗ ಜಿಲಾನಿ ಒಂದು ಮಾತು ಹೇಳಿದ್ದ.

"ನೋಡಲೇ ಮುದುಕಾ, ಇದು ಬಂದು ತನ್ನ ಜಾಗದಾಗ ಕುಂತದ ಅಂತ ಬೇಸಿಕ್‌ಗ ಗೊತ್ತೇ ಇರಂಗಿಲ್ಲ. ಅದು ತನ್ನ ಸಾಮಾನು ತಂದು ಇದರ ಮ್ಯಾಲೇ ಒಗಿತದ. ಅದಕ್ಕ ಮೊದಲ ಗೆರ್‍ಯಾಗ ಇಷ್ಟು ಜಾಗ ಮುಟ್ಟಬ್ಯಾಡ ಅಂತ ಬರಿ. ಆ ಗೆರಿ ತಗದಿ ಅಂದ್ರ ಕೆಟ್ಟಿ."

ಮುದುಕಪ್ಪನಿಗೆ ಇದನ್ನು ಎರಡನೇ ಸಲ ಹೇಳಬೇಕಿರಲಿಲ್ಲ. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಲು ಒಪ್ಪಿದ ರೈತ ಅಷ್ಟು ಜಾಗವನ್ನು ಮೊದಲೇ ಖಾಲಿ ಬಿಟ್ಟಿರಬೇಕು. ಬಿಡದೆ ಹೋದರೆ ಕುರಿಗೂ ಬೆಳೆಗೂ ಏನಾಗುತ್ತದೆ ಎನ್ನುವುದನ್ನು ಅವನು ಅಪ್ಪನ ಹಿಂದೆ ಓಡಾಡುವಾಗಲೇ ನೋಡಿದ್ದ.

ತಿಳಿಯದೆ ಮಾಡಿದ ತಪ್ಪಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಚೀಟಿಗಿಂತ ಮೊದಲು ಪರದೆಯ ಮೇಲೆ ಒಂದು ಜೋಡಿ ಎತ್ತು, ಭತ್ತದ ತೆನೆ, ನಡುವೆ ಹಂಪಣ್ಣನವರ ಹೆಸರು, ಅದರ ಕೆಳಗೆ ತನ್ನ ಹೆಸರು ಮೂಡಲಿ ಎಂದು ಮುದುಕಪ್ಪನಿಗೆ ಅನಿಸಿತು. ಅದನ್ನೆಲ್ಲ ಬರೆದು ಓಡಿಸಿದರೆ ಜಾಗ ಸಾಲದು ಎಂದು ಯಂತ್ರ ನಿಂತಿತು. ಎತ್ತುಗಳನ್ನು ತೆಗೆಯಬೇಕಿತ್ತು. ಅವನು ಅದರ ಬದಲು ಜಿಲಾನಿ ಹೇಳಿದ ಗೆರೆಯನ್ನು ತೆಗೆದ, ಅದು ಕಾದಿಟ್ಟ ಜಾಗ ಬಿಡುವಾಯಿತು. ಎರಡು ಮೂರು ಹೆಸರು ಹಾಕಿ ನೋಡಿದ, ಸರಿಯಾಗಿ ಬಂತು. ಜಿಲಾನಿಯದು ಸುಮ್ಮನೆ ಅಂಜಿಕೆ ಎಂದುಕೊಂಡ.

ಮಾನವಮಿಯ ಆಯುಧಪೂಜೆಯ ದಿನವೇ ಚೀಟಿ ಶುರುವಾಗಲಿ ಎಂದು ಹಂಪಣ್ಣ ಗೊತ್ತುಮಾಡಿದ. ಬೇರೆ ಗಿರಣಿಗಳ ಯಜಮಾನರನ್ನೂ ಕರೆದಿದ್ದ. ಅವರು ಮೆಚ್ಚಿದರೆ ಮುದುಕಪ್ಪ ಟೈಪಿಂಗ್ ಕಲಿಸುವುದನ್ನು ಬಿಟ್ಟು ಇದೇ ಕೆಲಸ ಹಿಡಿಯಬಹುದಿತ್ತು. ಪೂಜೆ ಮಾಡಿದವರು ಹಂಪಣ್ಣನ ತಾಯಿ ವೀರಭದ್ರಮ್ಮ. ಗಂಡ ಹೋದ ಮೇಲೆ ಗಿರಣಿಯನ್ನು ಕಟ್ಟಿ ನಿಲ್ಲಿಸಿದ ಹೆಂಗಸು. ತೂಕದ ಕಲ್ಲಿನಿಂದ ಹಿಡಿದು ಲಾರಿಯ ಗಾಲಿಯ ತನಕ ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಎಳೆಯುತ್ತ ಬಂದರು. ಕಂಪ್ಯೂಟರಿಗೂ ಎಳೆದರು. ಮೇಜಿನ ಮೇಲಿದ್ದ ಡಿಸ್ಕು ಅದರ ಕೂಸೆಂದು ತಿಳಿದು ಅದಕ್ಕೂ ಎಳೆದು, ಒಂದು ಹೂವಿಟ್ಟರು. ಮುದುಕಪ್ಪ ನೋಡಿದ. ಅವರು ಆಚೆ ಹೋದ ಮೇಲೆ ಕರವಸ್ತ್ರದಿಂದ ಒರೆಸಿಕೊಂಡ. ವಿಭೂತಿ ಮೇಲಿನ ಕವಚದ ಮೇಲಷ್ಟೇ ಇತ್ತು.

ಎತ್ತುಗಳು ಮೂಡಿದಾಗ ಜನ ಹೋ ಎಂದರು. ಮೊದಲ ಚೀಟಿ ಹಮಾಲರ ಮೇಸ್ತ್ರಿ ಕನಕಪ್ಪನದು. ಅವನು ಅದನ್ನು ಬೆಳಕಿಗೆ ಹಿಡಿದು, ತನ್ನ ಹೆಸರು ಇಷ್ಟು ಚಂದ ಅದ ಅಂತ ತನಗೇ ಗೊತ್ತಿರಲಿಲ್ಲ, ಹೆಂಡತಿ ಕರೆಯುವಾಗ ಬೇರೆ ತರಹ ಕೇಳಿಸುತ್ತದೆ ಎಂದ. ಎಲ್ಲರೂ ನಕ್ಕರು. ಒಂದೊಂದೇ ಹೆಸರು ಬರುತ್ತ ಹೋಯಿತು. ಹೆಸರು ಹೆಚ್ಚಿದಂತೆ ಬೇಸಿಕ್ ತನ್ನ ಸಾಮಾನನ್ನು ಒಟ್ಟುತ್ತ ಒಟ್ಟುತ್ತ ಜಿಲಾನಿಯ ತುಂಡಿನ ಹತ್ತಿರಕ್ಕೆ ಬರುತ್ತಿತ್ತು, ಯಾರಿಗೂ ಕಾಣದಂತೆ. ಮೊದಲು ಒಂದು ಅಕ್ಷರದ ಕೊಂಬು ಮುರಿಯಿತು. ಮುಂದಿನ ಚೀಟಿಯಲ್ಲಿ ಹೆಸರೇ ಇಲ್ಲ, ಬರೀ ಕರಿ ಚುಕ್ಕಿ. ಆಮೇಲೆ ಪ್ರಿಂಟರು ಕಾಗದವನ್ನು ತನ್ನಷ್ಟಕ್ಕೆ ತಾನೇ ಕಾರತೊಡಗಿತು, ಪರದೆ ಹೆಣದಂತೆ ನಿಂತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಅಲುಗಲಿಲ್ಲ.

ಹಂಪಣ್ಣ ಏನಾತು ಮಾಸ್ತರ ಎಂದು ಕೇಳಿದ. ಮುದುಕಪ್ಪನಿಗೆ ಆ ಕ್ಷಣವೇ ಗೊತ್ತಾಗಿತ್ತು. ತೆಗೆದುಹಾಕಿದ ಗೆರೆ ಅವನ ಕಣ್ಣ ಮುಂದೆಯೇ ನಿಂತಿತ್ತು. ಸುತ್ತ ಗಿರಣಿಯ ಯಜಮಾನರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಆರತಿ ತಟ್ಟೆ ಹಿಡಿದು ವೀರಭದ್ರಮ್ಮ ಬಾಗಿಲ ಹತ್ತಿರ ನಿಂತಿದ್ದರು.

"ಅವ್ವಾರು ಡಿಸ್ಕಿಗೆ ಬೂದಿ ಹಚ್ಚಿದ್ರಿ," ಎಂದ ಮುದುಕಪ್ಪ. "ಅದು ಒಳಗ ಹೋಗ್ಯದ."

ವಿಭೂತಿ ಅನ್ನುವ ಮಾತು ಕೂಡ ಬಾಯಿಗೆ ಬರಲಿಲ್ಲ ಅವನಿಗೆ. ಹಂಪಣ್ಣ ಎಲ್ಲರ ಎದುರಿಗೇ ತಾಯಿಯನ್ನು ಅಂದ. ಕಂಡಕಂಡದ್ದಕ್ಕೆ ಕೈ ಹಾಕುತ್ತೀ, ಇದೇನು ಒನಕೆ ಅಂತ ತಿಳಿದೆಯಾ ಎಂದ. ವೀರಭದ್ರಮ್ಮ ತಮ್ಮ ಮೂರು ಬೆರಳುಗಳನ್ನು ನೋಡಿಕೊಂಡರು. ಸೆರಗಿಗೆ ಒರೆಸಿಕೊಂಡರು. ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದರು.

ಮುಂದಿನ ಭಾನುವಾರ ಜಿಲಾನಿ ರಾಯಚೂರಿಗೆ ಬಂದು ಡಿಸ್ಕನ್ನು ಓಡಿಸಿ ನೋಡಿದ. ಬೂದಿ ಎಲ್ಲಿಯೂ ಹೋಗಿರಲಿಲ್ಲ, ಡಿಸ್ಕು ನೆಟ್ಟಗೆ ಓದುತ್ತಿತ್ತು. ಆ ಗೆರಿ ಎಲ್ಲಲೇ ಎಂದು ಒಂದೇ ಮಾತು ಕೇಳಿದ. ಮುದುಕಪ್ಪ ಎಲ್ಲವನ್ನೂ ಹೇಳಿದ. ಮುದುಕಿಯ ಮೇಲೆ ತಪ್ಪು ಹೊರಿಸಿದ್ದನ್ನೂ ಹೇಳಿದ. ಜಿಲಾನಿ ಬಯ್ಯುತ್ತಾನೆಂದು ಕಾದ. ಜಿಲಾನಿ ಎದ್ದು ಚಪ್ಪಲಿ ಮೆಟ್ಟಿಕೊಂಡು, ಚಹಾ ಕುಡಿಯದೆ ಶಕ್ತಿನಗರದ ಬಸ್ಸು ಹತ್ತಿದ.

ಎತ್ತು ತೆನೆಗಳನ್ನು ತೆಗೆದು, ಗೆರೆಯನ್ನು ಮೊದಲಿನ ಜಾಗಕ್ಕೆ ಹಾಕಿಕೊಂಡು ಮುದುಕಪ್ಪ ಮಾನ್ವಿಗೆ ಹೋದ. ಈ ಸಲ ಎಷ್ಟು ಹೆಸರು ಹಾಕಿದರೂ ಅಕ್ಷರ ಕೆಡಲಿಲ್ಲ. ಹಂಪಣ್ಣನಿಗೆ ಖುಷಿಯಾಯಿತು. ಅವ್ವಾರು ಕಾಣಲಿಲ್ಲ ಎಂದು ಮುದುಕಪ್ಪ ಕೇಳಿದಾಗ ಅವನು ನಕ್ಕ. ಅವತ್ತಿನಿಂದ ಆಕೆ ಗಿರಣಿಯ ಹೊಸ್ತಿಲು ದಾಟಿಲ್ಲವಂತೆ. ತನ್ನ ಕೈ ಹತ್ತಿದ್ದೆಲ್ಲ ಕೆಡುತ್ತದೆ ಎಂದು ದೀಪ ಹಚ್ಚುವುದನ್ನೂ ಸೊಸೆಗೆ ಬಿಟ್ಟಿದ್ದಾಳಂತೆ. ಮುದುಕಪ್ಪ ಎದ್ದು ನಿಂತ. ತಪ್ಪು ನಂದ್ರಿ ಎಂದ. ಎತ್ತು, ಗೆರೆ, ಎಲ್ಲವನ್ನೂ ಹೇಳಿದ.

ಹಂಪಣ್ಣ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ.

"ಆದದ್ದು ಆತು, ಆಕಿಗಿ ಹೇಳಬ್ಯಾಡ," ಎಂದ. "ತೂಕದ ಮುಂದ ಕುಂತು, ಹಸಿ ಭತ್ತ ಅಂತ ತೂಕ ಯಾಕ ಮುರಿದಿ, ರೈತಗ ಯಾಕ ಉಣ್ಣಾಕ ಇಕ್ಕಲಿಲ್ಲ ಅಂತ ನನ್ನ ತಲಿ ತಿನ್ನಾಕತ್ತಿದ್ಲು. ಈಗ ಆರಾಮ ಅದ. ಇನ್ನೆರಡು ಗಿರಣಿ ಕೆಲಸ ನಿನಗ ನಾನೇ ಕೊಡಸ್ತೀನಿ."

ಮುದುಕಪ್ಪ ಹೊರಗೆ ಬಂದು ಗೇಟಿನ ತನಕ ನಡೆದ. ಅಲ್ಲಿಂದ ತಿರುಗಿ ಗಿರಣಿಯ ಹಿಂದಿನ ಮನೆಗೆ ಹೋದ. ವೀರಭದ್ರಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದರು. ಇವನನ್ನು ನೋಡಿದ ಕೂಡಲೇ ಅವರೇ ಮೊದಲು ಕೇಳಿದರು, ಮೆಷಿನ್ನು ಸುದಾರಿಸ್ತೇನಪ್ಪಾ ಅಂತ, ಯಾರದೋ ಮನೆಯ ಬಾಣಂತಿಯ ಬಗ್ಗೆ ಕೇಳುವಂತೆ. ಅವನು ನಿಂತುಕೊಂಡೇ ಹೇಳಿದ. ಕೆಟ್ಟದ್ದು ತನ್ನಿಂದ, ವಿಭೂತಿಯಿಂದ ಅಲ್ಲ. ಅದು ತನಗೆ ಆಗಲೇ ಗೊತ್ತಿತ್ತು.

ಮೊರ ನಿಂತಿತು.

"ಎಲ್ಲಿ ನಿಂತು ಅಂದಿ, ಅಲ್ಲೇ ನಿಂತು ಹೇಳು," ಎಂದರು ವೀರಭದ್ರಮ್ಮ.

ಅವರು ಮುಂದೆ, ಮುದುಕಪ್ಪ ಹಿಂದೆ, ಗಿರಣಿಗೆ ಬಂದರು. ತೂಕದ ಕಟ್ಟೆಯ ಹತ್ತಿರ ಹಮಾಲರು ಚೀಲ ಇಳಿಸಿ ನಿಂತರು. ಭತ್ತ ತಂದ ರೈತರು ಗಾಡಿಯಿಂದ ಇಳಿದು ಬಂದರು. ಹಂಪಣ್ಣ ಬಾಗಿಲಿಗೆ ಬಂದು ಬೇಡವೆಂದು ಕೈಯಾಡಿಸಿದ. ಮುದುಕಪ್ಪ ಹೇಳಿದ. ಧ್ವನಿ ಕೇಳಿಸಲಿಲ್ಲವೆಂದು ಕನಕಪ್ಪ ಇನ್ನೊಂದು ಸಲ ಹೇಳಿಸಿದ, ಬೇಕೆಂದೇ. ಎರಡನೇ ಸಲ ಎಲ್ಲರಿಗೂ ಕೇಳಿಸಿತು. ಯಾರೋ ನಕ್ಕರು, ಯಾರೋ ಥೂ ಎಂದರು. ಹಂಪಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೇರೆ ಗಿರಣಿಗಳ ಮಾತು ಅಲ್ಲಿಗೇ ಮುಗಿಯಿತು ಎಂದು ಮುದುಕಪ್ಪನಿಗೆ ತಿಳಿಯಿತು. ಅದಕ್ಕೆ ದುಃಖಪಡುವಷ್ಟು ಜಾಗವೂ ಎದೆಯಲ್ಲಿ ಇರಲಿಲ್ಲ.

ಬಸ್ಸಿಗೆ ಹೊರಟವನನ್ನು ವೀರಭದ್ರಮ್ಮ ಹೋಗಗೊಡಲಿಲ್ಲ. ಮಧ್ಯಾಹ್ನದ ಹೊತ್ತು, ಉಣ್ಣದೆ ಯಾರೂ ಈ ಗಿರಣಿಯಿಂದ ಹೋಗುವುದಿಲ್ಲ ಎಂದು ಕೂರಿಸಿದರು. ರೊಟ್ಟಿ, ಪುಂಡಿಪಲ್ಯ, ಬೆಣ್ಣೆ ಇಕ್ಕಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವರು ಎದುರಿಗೆ ಕಾಲು ಚಾಚಿ ಕೂತು, ಅವನು ಎರಡು ತುತ್ತು ತಿಂದ ಮೇಲೆ ಕೇಳಿದರು.

"ಅವತ್ತ ನನ್ನ ಮಾರಿ ನೋಡಿದ್ದೇನೋ, ಹೇಳಾಕಿಂತ ಮೊದಲ?"

ಸುಳ್ಳು ಹೇಳಲು ಜಾಗವಿತ್ತು. ನೋಡಿರಲಿಲ್ಲ ಯವ್ವಾ, ಗಾಬರಿಯಲ್ಲಿ ಬಾಯಿಗೆ ಬಂತು ಎಂದರೆ ಅವರು ನಂಬುತ್ತಿದ್ದರು, ನಂಬಲೆಂದೇ ಕೇಳಿದಂತಿತ್ತು.

"ನೋಡೇ ಹೇಳಿದೆ, ಯವ್ವಾ."

ವೀರಭದ್ರಮ್ಮ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಅವನ ತಟ್ಟೆಗೆ ಹಾಕಿದರು. ಮುದುಕಪ್ಪ ತಲೆ ಎತ್ತದೆ ಅದನ್ನು ಮುರಿದ.