ನಾಲ್ಕನೇ ಸೀಟಿನ ಡಾಕ್ಟರು

ಹೋದ ವಾರ ಸ್ಯಾನ್ ರಮೋನ್‌ನಲ್ಲಿ ಮಗಳ ಮನೆಯ ಗರಾಜು ಖಾಲಿ ಮಾಡುತ್ತಿದ್ದಾಗ, ನನ್ನ ಹಳೇ ಸೂಟ್‌ಕೇಸಿನ ತಳದಲ್ಲಿ ಒಂದು ಕಪ್ಪು ವೇಸ್ಟ್‌ಕೋಟು ಸಿಕ್ಕಿತು. ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ, ಇಷ್ಟು ವರ್ಷವಾದರೂ, ಸಿಗರೇಟಿನ ಹೊಗೆ ಹಾಗೇ ಕೂತಿತ್ತು. ಮಗಳು ತಾನೂ ಮೂಸಿ ನೋಡಿ, ನೀನು ಸಿಗರೇಟು ಸೇದುತ್ತಿದ್ದೆಯಾ ಅಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನೆಲ್ಲಿ ಸೇದಲಿ ಕಣೇ, ಎಂಟು ಜನ ಸೇದಿ ಬಿಟ್ಟಿದ್ದನ್ನು ಎರಡು ವರ್ಷ ಉಸಿರಾಡಿದೆ, ಅಷ್ಟೇ ಎಂದೆ. ಆಗ ಅವಳಿಗೆ ಐದು ವರ್ಷ. ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ ಎಂದು ಡೇಕೇರಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು, ಪಾಪ.

ನಾನು ಕೆಲಸ ಮಾಡಿದ್ದು ಇಸ್ಪೀಟು ಕ್ಲಬ್ಬಿನಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರ ಎಲೆಕ್ಟ್ರಾನಿಕ್ಸ್ ಕಂಪನಿ ಅವರನ್ನೂ ಅವರಂಥ ಇನ್ನೂ ಅನೇಕರನ್ನೂ ಒಂದೇ ಶುಕ್ರವಾರ ಮನೆಗೆ ಕಳಿಸಿಬಿಟ್ಟಿತ್ತು. ಮಿಲ್ಪಿಟಾಸ್‌ನ ಅಪಾರ್ಟ್‌ಮೆಂಟಿನಲ್ಲಿ ಅವರು ಸೋಫಾದ ಮೇಲೆ, ನಾನು ಅಡಿಗೆಮನೆಯಲ್ಲಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂಗಳುಗಟ್ಟಲೆ ಕಳೆದೆವು. ತುಮಕೂರಿನ ಬಿ.ಎಸ್ಸಿ. ಡಿಗ್ರಿ ಹಿಡಿದುಕೊಂಡು ಎಷ್ಟು ಬಾಗಿಲು ತಟ್ಟಿದರೂ ಒಂದೂ ತೆರೆಯಲಿಲ್ಲ. ನನಗೆ ಬರುತ್ತಿದ್ದ ಇನ್ನೊಂದು ವಿದ್ಯೆಯೆಂದರೆ ಇಸ್ಪೀಟೆಲೆ ಕಲೆಸುವುದು. ನಮ್ಮಜ್ಜಿ ಮಧ್ಯಾಹ್ನ ಊಟ ಮುಗಿಸಿ, ಬಾಯಿಗೆ ಅಡಿಕೆ ಹಾಕಿಕೊಂಡು, ಹುಣಸೆಬೀಜ ಪಣಕ್ಕಿಟ್ಟು ಸೊಸೆಯರನ್ನೆಲ್ಲ ಸೋಲಿಸುತ್ತಿದ್ದ ಹೆಂಗಸು. ಆ ಅಜ್ಜಿಯ ಕೈ ನನಗೆ ಬಂದಿತ್ತು. ಪೇಪರಿನಲ್ಲಿ ಕ್ಲಬ್ಬಿಗೆ ಎಲೆ ಹಂಚುವ ಡೀಲರ್ ಬೇಕು ಎಂಬ ಜಾಹೀರಾತು ನೋಡಿ ಹೋದೆ, ಕಲೆಸಿ ತೋರಿಸಿದೆ, ಕಪ್ಪು ವೇಸ್ಟ್‌ಕೋಟು ಕೊಟ್ಟು ಸೇರಿಸಿಕೊಂಡರು. ಯಜಮಾನರು ಬೇಡ ಅನ್ನಲಿಲ್ಲ. ನಮ್ಮ ಜನಕ್ಕೆ ಮಾತ್ರ ಗೊತ್ತಾಗಬಾರದು ಎಂದರು. ಸರಿ, ಬ್ಯಾಂಕು ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಂಡೆವು.

ಕ್ಯಾಸಿನೋ ಎಂದರೆ ಜನ ಝಗಮಗ ದೀಪ, ಗಾಜಿನ ಲೋಟ ಎಂದೇನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮದು ಟಯರ್ ಅಂಗಡಿಯ ಪಕ್ಕದ ತಗ್ಗು ಕಟ್ಟಡ. ಕಿಟಕಿ ಇಲ್ಲ, ಗಡಿಯಾರ ಇಲ್ಲ. ನನ್ನದು ಹಗಲು ಪಾಳಿ, ಆದರೆ ಒಳಗೆ ಹೋದ ಮೇಲೆ ಬೆಳಗೂ ಒಂದೇ ಸಂಜೆಯೂ ಒಂದೇ. ಅರ್ಧ ಗಂಟೆ ಒಂದು ಟೇಬಲಿನಲ್ಲಿ ಎಲೆ ಹಂಚಬೇಕು, ಮತ್ತೊಬ್ಬ ಡೀಲರ್ ಬಂದು ಭುಜ ಮುಟ್ಟಿದ ಕೂಡಲೇ ಎದ್ದು ಪಕ್ಕದ ಟೇಬಲಿಗೆ. ಸುತ್ತ ಎಂಟು ಜನ ಕೂತಿರುತ್ತಿದ್ದರು. ಎಂಟೂ ಜನ ನನ್ನ ಕೈಯನ್ನೇ ನೋಡುತ್ತಿದ್ದರು. ಮುಖವನ್ನು ಒಬ್ಬರೂ ನೋಡುತ್ತಿರಲಿಲ್ಲ. ಸೋತವರು ಬೈದರೆ ಬೈಸಿಕೊಳ್ಳಬೇಕು, ಗೆದ್ದವರು ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಯಲ್ಲಿ ಒಂದನ್ನು ನನ್ನತ್ತ ಎಸೆದರೆ ಥ್ಯಾಂಕ್ಯೂ ಅನ್ನಬೇಕು. ದಿನಕ್ಕೆ ನೂರು ಜನರ ಮಧ್ಯೆ ಕೂತು ಅಷ್ಟು ಒಂಟಿಯಾಗಿ ನಾನು ಜನ್ಮದಲ್ಲಿ ಇದ್ದಿದ್ದಿಲ್ಲ. ಮನೆಗೆ ಬಂದರೂ ಇವತ್ತು ಹೀಗಾಯಿತು ಎಂದು ಹೇಳುವ ಹಾಗಿರಲಿಲ್ಲ. ಆ ಮಾತೆತ್ತಿದರೆ ಯಜಮಾನರು ಎದ್ದು ಟೀವಿ ಹಾಕುತ್ತಿದ್ದರು.

ಅಲ್ಲಿ ಒಂದು ಕಡ್ಡಾಯದ ಪದ್ಧತಿ ಇತ್ತು. ಡೀಲರ್ ಟೇಬಲು ಬಿಡುವ ಮುಂಚೆ ಒಮ್ಮೆ ಚಪ್ಪಾಳೆ ತಟ್ಟಿ, ಎರಡು ಅಂಗೈಯನ್ನೂ ಮೇಲಕ್ಕೆ ತಿರುಗಿಸಿ ತೋರಿಸಬೇಕು. ಬಿಲ್ಲೆಯೋ ಎಲೆಯೋ ಕದ್ದು ಒಯ್ಯುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. ದಿನಕ್ಕೆ ಹದಿನೈದು ಸಲ ಮಾಡಿ ಮಾಡಿ ಅದು ಮೈಗೇ ಅಂಟಿಬಿಟ್ಟಿತು. ಚಪಾತಿ ಲಟ್ಟಿಸಿ ಮುಗಿಸಿದರೆ ಚಪ್ಪಾಳೆ, ಪಾತ್ರೆ ತೊಳೆದು ಮುಗಿಸಿದರೆ ಚಪ್ಪಾಳೆ. ಮಗಳು ನೋಡಿ ತಾನೂ ಹಾಲಿನ ಲೋಟ ಕೆಳಗಿಟ್ಟು ಹಾಗೇ ಮಾಡುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು. ಯಜಮಾನರು ನಗುತ್ತಿರಲಿಲ್ಲ.

ಆ ಕ್ಲಬ್ಬಿಗೆ ಆಡಲು ಬರುತ್ತಿದ್ದವರು ಅವರು… ಹೆಸರು ಬೇಡ. ಕ್ಲಬ್ಬಿನಲ್ಲಿ ನಾವು ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಸೀಟಿನ ನಂಬರಿನಿಂದ ಗುರುತಿಸುತ್ತಿದ್ದೆವು. ಅವರು ಯಾವಾಗಲೂ ಕೂರುತ್ತಿದ್ದದ್ದು ನಾಲ್ಕನೇ ಸೀಟಿನಲ್ಲಿ, ನನ್ನ ಎದುರಿಗೆ. ಅರವತ್ತೈದು ದಾಟಿದ ವಯಸ್ಸು, ಸಾದಾ ಸ್ವೆಟರು, ಇಸ್ತ್ರಿ ಮಾಡಿದ ಪ್ಯಾಂಟು. ಮೊದಲ ದಿನ ಕೆಟ್ಟ ಎಲೆ ಬಂದಾಗ ತುಟಿಯಲ್ಲೇ, "ಎಲಾ ಇವನ!" ಅಂದರು. ಅಚ್ಚ ಕನ್ನಡ! ಆಟದ ಟೇಬಲಿನಲ್ಲಿ ಇಂಗ್ಲಿಷು ಬಿಟ್ಟು ಬೇರೆ ಭಾಷೆ ಆಡಿದರೆ ತಡೆಯಬೇಕೆಂದು ನಮಗೆ ಅಪ್ಪಣೆ ಇತ್ತು, ಇಬ್ಬರು ಸೇರಿ ಮೋಸ ಮಾಡಬಾರದೆಂದು. ನಾನು ತಡೆಯಲಿಲ್ಲ. ಅವರು ತಲೆಯೆತ್ತಿ ನೋಡಿದರು. ಆಮೇಲೆ ನನಗೂ ಗುರುತು ಸಿಕ್ಕಿತು. ನಮ್ಮ ಕನ್ನಡ ಕೂಟವನ್ನು ಕಟ್ಟಿದವರು, ಪ್ರತಿ ಯುಗಾದಿಗೆ ಪಂಚಾಂಗ ಓದುವವರು, ಹುಡುಗರು ಹುಡುಗಿಯರೆಲ್ಲ ಕಾಲಿಗೆ ಬೀಳುವ ಧಾರವಾಡದ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಕ್ಯುಪರ್ಟಿನೋದ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು.

ಅವರ ಗುಟ್ಟು ನನ್ನ ಕೈಯಲ್ಲಿ, ನನ್ನ ಗುಟ್ಟು ಅವರ ಕೈಯಲ್ಲಿ. ಕೂಟದಲ್ಲಿ ಎದುರಾದರೆ ನಮಸ್ಕಾರ, ಕ್ಲಬ್ಬಿನಲ್ಲಿ ಎದುರಾದರೆ ಅದೂ ಇಲ್ಲ. ನನ್ನ ಬ್ರೇಕಿನ ಹತ್ತು ನಿಮಿಷ ಮಾತ್ರ, ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅವರ ಕಾರಿನ ಹತ್ತಿರ ನಿಂತು ಮಾತಾಡುತ್ತಿದ್ದೆವು. ನಾನು ಡಾಕ್ಟ್ರೇ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಡಾಕ್ಟರ್ಕಿ ಮುಗದ ಹೋತು. ಕಾಕಾ ಅನ್ನು," ಎನ್ನುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ತುಮಕೂರಿನವಳಿಗೆ ಚಿಕ್ಕಪ್ಪನನ್ನು ಕಾಕಾ ಎನ್ನುವ ಅಭ್ಯಾಸ ಎಲ್ಲಿಂದ ಬರಬೇಕು, ಡಾಕ್ಟ್ರೇ ಎಂದೇ ನಡೆಸಿದೆ.

ಮಾತಾದರೂ ಏನು, ಮಣ್ಣು. ಇವತ್ತು ಏನು ಅಡಿಗೆ ಮಾಡಿದೆ ಎಂದು ಕೇಳುತ್ತಿದ್ದರು. ಬಸ್ಸಾರು ಎಂದರೆ ಯಾವ ಸೊಪ್ಪು, ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದೆಯೋ ಇಲ್ಲವೋ ಎಲ್ಲ ಬೇಕು. ಒಂದು ದಿನ ಡಬ್ಬಿಯಲ್ಲಿ ತಂದುಕೊಟ್ಟೆ. ಕಾರಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ನಿಂತೇ ತಿಂದರು, ಡಬ್ಬಿಯ ತಳ ಬಳಿದು ಮುಗಿಸಿದರು. ನೀವು ಇಷ್ಟು ದೊಡ್ಡವರು, ಇಲ್ಲಿಗೆ ಯಾಕೆ ಬರ್ತೀರಿ ಎಂದು ಒಮ್ಮೆ ಕೇಳಿಯೇ ಬಿಟ್ಟೆ, ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಅವರು ಆಡುತ್ತಿದ್ದ ಆಟದಲ್ಲಿ ಎಲ್ಲಕ್ಕಿಂತ ಸಣ್ಣ ಎಲೆ ಹಿಡಿದವನಿಗೇ ಗೆಲುವು. ಸಣ್ಣವರು ಗೆಲ್ಲುವ ಆಟ ಜಗತ್ತಿನಲ್ಲಿ ಇದೊಂದೇ ಎಂದು ನಕ್ಕರು. ಆಮೇಲೆ, "ಮನ್ಯಾಗ ಊಟದ ಟೇಬಲಿಗೆ ಎಂಟು ಕುರ್ಚಿ ಅದಾವ ನೋಡವಾ. ಇಲ್ಲೂ ಎಂಟ. ಇಲ್ಲಿ ತುಂಬಿರತಾವ," ಅಂದರು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಆ ಯುಗಾದಿ ಬಂತು.

ಕ್ಯುಪರ್ಟಿನೋದ ಒಂದು ಶಾಲೆಯ ಊಟದ ಹಾಲ್‌ನಲ್ಲಿ ಕೂಟದ ಊಟ. ಡಾಕ್ಟರು ಪಂಚಾಂಗ ಓದಿ ಮುಗಿಸಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಒಂದು ಸಾಲಿಗೆ ಹೋಳಿಗೆ ಬಡಿಸಿದೆ. ಸಾಲು ಮುಗಿಯಿತು, ತಟ್ಟೆ ಪಕ್ಕದವರ ಕೈಗೆ ಕೊಟ್ಟೆ. ಕೊಟ್ಟವಳು ಸುಮ್ಮನೆ ಅತ್ತ ಹೋಗಬಾರದೇ? ಚಟ್ಟನೆ ಚಪ್ಪಾಳೆ ತಟ್ಟಿ ಎರಡೂ ಅಂಗೈ ಮೇಲಕ್ಕೆ ತೋರಿಸಿದೆ!

ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು, ಗಂಡನ ಜೊತೆ ಆಗಾಗ ಜೂಜಿನೂರು ರೀನೋಗೆ ಹೋಗಿಬರುವವರು, ಗೊಳ್ಳೆಂದು ನಕ್ಕರು. ಥೇಟ್ ಕ್ಯಾಸಿನೋ ಡೀಲರ್ ಥರಾನೇ ಮಾಡಿದ್ರಲ್ಲ, ಬ್ಯಾಂಕಲ್ಲಿ ಇದನ್ನೂ ಕಲಿಸ್ತಾರಾ ಎಂದರು. ಅವರದು ಬರೀ ತಮಾಷೆ. ನಮ್ಮ ಯಜಮಾನರು ಅನ್ನದ ಕೈ ಹಾಗೇ ಹಿಡಿದು ಕಲ್ಲಾಗಿ ಕೂತರು. ಆ ಮುಖ ನೋಡಿ ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ಟೀವಿಯಲ್ಲಿ ನೋಡಿದ್ದು ಎಂದು ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಖಂಡಿತ ಬಂದಿತ್ತು. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಡಾಕ್ಟರು ಮಾತಾಡಿದರು.

"ಅಕಿ ಇಸ್ಪೀಟ್ ಕ್ಲಬ್ಬಿನ್ಯಾಗ ಎಲಿ ಹಂಚತಾಳ. ನಾ ದಿನಾ ಅಲ್ಲೇ ಆಡಲಿಕ್ಕೆ ಹೋಗ್ತೀನಿ. ದುಡದು ತಿನ್ನಾಕಿ ಯಾಕ ನಾಚಬೇಕು? ನಾಚಿಕಿ ಪಡೋದಿದ್ರ ನಾ ಪಡಬೇಕು."

ಇಷ್ಟು ಹೇಳಿ ಅವರು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಉಪಕಾರ ಮಾಡಿದರು ಅನ್ನಿಸಲೇ ಇಲ್ಲ. ನನ್ನ ಸುಳ್ಳನ್ನು ನನಗೆ ಬಿಟ್ಟಿದ್ದರೆ ಎಲ್ಲ ತಣ್ಣಗೆ ಮುಗಿಯುತ್ತಿತ್ತು. ಆದದ್ದಾದರೂ ಏನು ನೋಡಿ. ನಮ್ಮ ಜನ ನನ್ನನ್ನು ಕ್ಷಮಿಸಿಬಿಟ್ಟರು. ಪಾಪ, ಗಂಡನಿಗೆ ಕೆಲಸ ಇಲ್ಲ, ಏನು ಮಾಡಿಯಾಳು ಎಂದರು, ಒಬ್ಬರು ಅಕ್ಕಿಮೂಟೆ ಕೂಡ ತಂದಿಟ್ಟು ಹೋದರು. ಡಾಕ್ಟರನ್ನು ಮಾತ್ರ ಕ್ಷಮಿಸಲಿಲ್ಲ. ಅಷ್ಟು ದೊಡ್ಡ ಮನುಷ್ಯ, ಥೂ, ಜೂಜು! ಊರ ಬಾಯಿಗೆ ಬೀಗ ಹಾಕುವವರು ಯಾರು? ಮಾರನೇ ವರ್ಷ ಪಂಚಾಂಗ ಓದಲು ಬೇರೆಯವರನ್ನು ಕರೆದರು.

ಯುಗಾದಿ ಊಟದ ಮರುದಿನ, ಸೋಮವಾರ, ಅವರು ಎಂದಿನಂತೆ ನಾಲ್ಕನೇ ಸೀಟಿಗೆ ಬಂದು ಕೂತರು. ಎಲ್ಲರೆದುರಿಗೆ, ಗಟ್ಟಿಯಾಗಿ, ಇನ್ನು ಮುಚ್ಚಿಡುವುದೇನಿದೆ ಎಂಬಂತೆ ಕೇಳಿದರು.

"ಏನವಾ ತಂಗಿ, ಸಿಟ್ಟ ಬಂದದೇನು?"

ನಾನು ಮುಖ ಎತ್ತಲಿಲ್ಲ. "ಇಂಗ್ಲಿಷ್ ಓನ್ಲಿ ಅಟ್ ದ ಟೇಬಲ್, ಸರ್," ಎಂದೆ.

ಅವರು ಸಾರಿ ಎಂದರು, ಇಂಗ್ಲಿಷಿನಲ್ಲೇ. ಎಂಟು ಜನಕ್ಕೂ ಎಲೆ ಹಂಚಿದೆ. ಒಂದು ಎಲೆಯೂ ತಪ್ಪಲಿಲ್ಲ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾರನೇ ದಿನದಿಂದ ಒಂದು ಹೊಸದು ಶುರುವಾಯಿತು. ಅವರು ಆಡುತ್ತಿದ್ದ ಟೇಬಲಿಗೆ ನನ್ನ ಸರದಿ ಬಂದರೆ ಸಾಕು, ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು. ಗೋಡೆಯ ಹತ್ತಿರ ಕಾಫಿ ಯಂತ್ರದ ಪಕ್ಕ ಒಂದು ಬೆಂಚು ಇತ್ತು. ನನ್ನ ಅರ್ಧ ಗಂಟೆ ಮುಗಿಯುವ ತನಕ ಅಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು. ನಾನು ಚಪ್ಪಾಳೆ ತಟ್ಟಿ ಎದ್ದ ಮೇಲೆ ಮತ್ತೆ ಬಂದು ಕೂರುತ್ತಿದ್ದರು. ನಾಲ್ಕನೇ ಸೀಟು ಖಾಲಿ ಇಟ್ಟುಕೊಂಡು ನಾನು ಏಳು ಜನಕ್ಕೆ ಹಂಚುತ್ತಿದ್ದೆ. ಓಹೋ, ಹೀಗೋ, ನನ್ನ ಕೈಯಿಂದ ಎಲೆ ಮುಟ್ಟುವುದಿಲ್ಲವೋ, ಇರಲಿ ಎಂದುಕೊಂಡೆ. ಪಾರ್ಕಿಂಗ್ ಲಾಟಿಗೂ ಹೋಗುವುದು ಬಿಟ್ಟೆ. ಬ್ರೇಕಿನ ಹತ್ತು ನಿಮಿಷ ಹೆಂಗಸರ ಬಚ್ಚಲಿನಲ್ಲಿ ಕನ್ನಡಿಯ ಮುಂದೆ ನಿಂತು ಕಳೆಯುತ್ತಿದ್ದೆ. ಹೀಗೆ ಏಳೆಂಟು ತಿಂಗಳು… ಆ ಕಟ್ಟಡದಲ್ಲಿ ಕನ್ನಡದವರು ಅಂತ ನನಗೆ ಇದ್ದದ್ದು ಅವರು, ಅವರಿಗೆ ಇದ್ದದ್ದು ನಾನು, ಅಷ್ಟೇ.

ಯಜಮಾನರಿಗೆ ಫ್ರೀಮಾಂಟಿನಲ್ಲಿ ಕೆಲಸ ಸಿಕ್ಕಿತು. ನಾನು ಬಿಡುತ್ತೇನೆಂದು ಹೇಳಿದೆ. ಕೊನೆಯ ದಿನ ಹಗಲು ಪಾಳಿಯ ಮೇಲ್ವಿಚಾರಕಿ, ಫಿಲಿಪೀನ್ಸಿನ ಹೆಂಗಸು, ನನ್ನ ಹೆಸರಿನ ಬಿಲ್ಲೆ ವಾಪಸು ಇಸಕೊಳ್ಳುತ್ತಾ, ಇನ್ನು ನಿಮ್ಮ ಚಿಕ್ಕಪ್ಪನವರು ಬೆಂಚಿನ ಮೇಲೆ ಕೂರುವುದು ತಪ್ಪಿತು ಬಿಡು ಎಂದರು. ಯಾವ ಚಿಕ್ಕಪ್ಪ ಎಂದೆ. ನಾಲ್ಕನೇ ಸೀಟು ಎಂದರು.

ಮೇಲ್ವಿಚಾರಕಿ ಹೇಳಿದ್ದು ಇಷ್ಟು. ಆ ಸೋಮವಾರ ಅದೇ ಟೇಬಲಿನ ಇಬ್ಬರು ಆಕೆಯ ಹತ್ತಿರ ಹೋಗಿ ದೂರು ಕೊಟ್ಟಿದ್ದರಂತೆ. ಆ ಮುದುಕನಿಗೂ ಡೀಲರಿಗೂ ಏನೋ ಒಳಸಂಚಿದೆ, ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಹೇಳಿದ ಎಂದು. ಅಂಥ ಅನುಮಾನ ಒಂದು ಸಲ ಬಂದರೆ ಡೀಲರನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದರು, ವಿಚಾರಣೆ ಗಿಚಾರಣೆ ಏನೂ ಇರಲಿಲ್ಲ. ನನ್ನನ್ನು ಕರೆಸುವ ಮುಂಚೆ ಡಾಕ್ಟರೇ ಆಕೆಯ ಆಫೀಸಿನೊಳಗೆ ಹೋದರಂತೆ. ನಾನು ಅವಳ ಅಪ್ಪನ ತಮ್ಮ, ಸಿಟ್ಟು ಬಂದಿದೆಯಾ ಎಂದು ಕೇಳಿದೆ, ಅಷ್ಟೇ. ನನ್ನ ಟೇಬಲಿಗೆ ಕೂರಬೇಡಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು, ಕೇಳದೆ ಕೂತವನು ನಾನು, ಅವಳದು ತಪ್ಪಿಲ್ಲ ಎಂದರಂತೆ. ಡೀಲರಿನ ಸಂಬಂಧಿಕರು ಆ ಡೀಲರು ಹಂಚುವಾಗ ಆಡುವಂತಿಲ್ಲ, ಅದು ಕ್ಲಬ್ಬಿನ ನಿಯಮ. ಹಾಗಾಗಿ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ಚಿಕ್ಕಪ್ಪ ಎಂದು ಬರೆಸಿ, ಸಹಿ ಹಾಕಿ, ಇನ್ನು ಮುಂದೆ ಎದ್ದು ಹೋಗುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದರು. ನನಗೆ ಗೊತ್ತೇ ಇದೆ ಎಂದುಕೊಂಡು ಮೇಲ್ವಿಚಾರಕಿ ಅಲ್ಲಿಯ ತನಕ ಆ ಮಾತೆತ್ತಿರಲಿಲ್ಲ. ನನ್ನ ಬಾಯಿಂದ ಒಂದು ಸಲವೂ ಕಾಕಾ ಅನ್ನಿಸಿಕೊಳ್ಳದ ಮನುಷ್ಯ…

ಓಡಿ ಹೊರಗೆ ಹೋಗಿ ಪಾರ್ಕಿಂಗ್ ಲಾಟೆಲ್ಲ ಹುಡುಕಿದೆ. ಆ ದಿನ ಅವರು ಬಂದಿರಲಿಲ್ಲ.

ಫೋನು ಮಾಡುತ್ತೇನೆಂದುಕೊಂಡೆ. ಇವತ್ತು ಬೇಡ, ನಾಳೆ. ಯಜಮಾನರು ಮನೆಯಲ್ಲಿದ್ದಾಗ ಬೇಡ, ಇಲ್ಲದಾಗ. ಏನೆಂದು ಶುರುಮಾಡಲಿ? ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಅವರು ಮನೆ ಮಾರಿ ಓಹಾಯೋದಲ್ಲಿದ್ದ ಮಗಳ ಹತ್ತಿರ ಹೋದರೆಂದು ಯಾರೋ ಹೇಳಿದರು. ಮತ್ತೊಂದು ಯುಗಾದಿಯ ಊಟದಲ್ಲಿ, ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಾ ಪಕ್ಕದವರು, ಆ ಜೂಜಿನ ಡಾಕ್ಟರು ತೀರಿಕೊಂಡುಬಿಟ್ಟರಂತೆ, ನಿಮಗೆ ಪರಿಚಯ ಇತ್ತಲ್ಲವೇ ಎಂದು ಕೇಳಿದರು. ಅಷ್ಟೇನೂ ಇಲ್ಲ ಎಂದೆ. ಹೌದು, ಹಾಗೆಂದೆ, ಇದೇ ಬಾಯಿಂದ.

ಗರಾಜಿನ ನೆಲದ ಮೇಲೆ ಕೂತು ಇದನ್ನೆಲ್ಲ ಮಗಳಿಗೆ ಹೇಳಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಅವಳು ಪೂರ್ತಿ ಕೇಳಿದಳು, ವೇಸ್ಟ್‌ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಕೊನೆಗೆ ಅವರ ನಂಬರ್ ನಿನ್ನ ಹತ್ತಿರ ಇರಲಿಲ್ಲವಾ ಎಂದು ಕೇಳಿದಳು.

ನಂಬರು ಇತ್ತು ಕಣೇ, ಫೋನು ಮಾಡೋಕೆ ನನಗೆ ಮುಖ ಇರಲಿಲ್ಲ ಎಂದೆ.