ಟೆಂಪೋ ಬಿಚ್ಚಿಸಿದ ದಿನ

ಪಾರ್ಶ್ವವಾಯು ಬಡಿದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಬೇಡ’. ಹಸಿವಾದರೂ ಬೇಡ, ಹೊಟ್ಟೆ ತುಂಬಿದರೂ ಬೇಡ. ಗಂಜಿಯ ಬಟ್ಟಲನ್ನು ಎಡಗೈಯಿಂದ ತನ್ನತ್ತ ಎಳೆದುಕೊಳ್ಳುತ್ತಲೇ ‘ಬೇಡ’ ಎನ್ನುತ್ತಿದ್ದರು. ಅದು ಹೌದೋ ಅಲ್ಲವೋ ಎಂದು ಮುಖ ನೋಡಿ ತಿಳಿಯುವುದನ್ನು ನಾನು ನಿಧಾನವಾಗಿ ಕಲಿತೆ. ಊಟ, ಸ್ನಾನ, ಗುಳಿಗೆಗಳ ಮಟ್ಟಿಗೆ ಹೇಗೋ ನಡೆಯುತ್ತಿತ್ತು.

ಅವರ ಟೆಂಪೋ ತೋಡೂರಿನ ನಮ್ಮ ಮನೆಯ ಪಕ್ಕದಲ್ಲಿ ನಿಂತೇ ಇತ್ತು. ಹಳೆಯ ಜಾಗ ಬಿಟ್ಟು ಇಲ್ಲಿನ ಪುನರ್ವಸತಿ ಕಾಲೊನಿಗೆ ಬಂದಾಗ ಬಾಗಿಲು, ಹಂಚು, ಅತ್ತೆಯ ಒರಳುಕಲ್ಲು ಎಲ್ಲ ಬಂದದ್ದು ಅದರಲ್ಲೇ. ಈಗ ಉಪ್ಪುಗಾಳಿಗೆ ಅದರ ತಳ ತಿಂದುಹೋಗಿತ್ತು. ಇನ್ನು ರಸ್ತೆಗೆ ಬಿಡುವ ಹಾಗಿಲ್ಲ ಎಂದಾದಾಗ ಅಂಕೋಲಾದ ಗುಜರಿಯವನಿಗೆ ಕೊಡುವುದೆಂದು ಮಾತಾಯಿತು. ಕಾರವಾರದಲ್ಲಿ ಮೀನು ಸಾಗಿಸುವ ನನ್ನ ಮೈದುನನದೂ ಅದೇ ಮಾದರಿಯ ಗಾಡಿ. ಅದರ ಸಾಮಾನು ಅಂಗಡಿಗಳಲ್ಲಿ ಸಿಗುವುದು ನಿಂತುಹೋಗಿದ್ದರಿಂದ ನಮ್ಮದರಿಂದ ಏನಾದರೂ ಬಿಚ್ಚಿಕೊಳ್ಳಬೇಕೆಂದಿದ್ದ.

“ವೈನಿ, ಅದ್ರಲ್ಲಿ ಎಂತಾ ಗಟ್ಟಿ ಉಂಟು ಅಂತಾ ದಾದಾನಿಗೇ ಗೊತ್ತು. ಅವನನ್ನೂ ಕರ್ಕೊಂಡು ಹೋಗ್ವಾ” ಎಂದ ಅವನು. ಅವನಿಗೆ ಅತ್ತಿಗೆಯಾದ ನಾನು ವೈನಿ, ಅಣ್ಣ ದಾದಾ.

ನಮ್ಮ ಟೆಂಪೋದ ಸ್ಟಿಯರಿಂಗಿಗೆ ಒಬ್ಬ ಹುಡುಗನನ್ನು ಕೂರಿಸಿ, ಹಗ್ಗ ಕಟ್ಟಿ ತನ್ನ ಗಾಡಿಯಿಂದ ಎಳೆಸಿದ. ನಾನು, ಇವರು ಅವನ ಗಾಡಿಯಲ್ಲಿ ಮುಂದೆ ಕುಳಿತೆವು. ಅವರ್ಸಾ ದಾಟುವವರೆಗೂ ಇವರು ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಟೆಂಪೋವನ್ನೇ ನೋಡುತ್ತಿದ್ದರು.

ಗುಜರಿಯವನು ಇವರಿಗೆ ನೆರಳಲ್ಲಿ ಕುರ್ಚಿ ಹಾಕಿಸಿದ. ಕೆಟ್ಟವನಲ್ಲ. ಆದರೆ ಮೊದಲೇ ಹೇಳಿಬಿಟ್ಟ: “ಅಕ್ಕಾ, ಗೇರ್‌ಬಾಕ್ಸ್ ಇಲ್ಲಾ ರೇಡಿಯೇಟರ್, ಒಂದು ತಕ್ಕೊಳ್ಳಿ. ಎರಡೂ ಹೋದ್ರೆ ನಂಗೆ ಬರೀ ತಗಡು ಉಳೂದು. ಕೊಯ್ಯೂಕೆ ಗ್ಯಾಸ್ ಹಚ್ಚಿದ ಮೇಲೆ ಮತ್ತೆ ಕೇಳೂಕಾಗೂದಿಲ್ಲ.”

ಮೈದುನ ಅಣ್ಣನ ಎದುರು ಕುಕ್ಕರಗಾಲಲ್ಲಿ ಕುಳಿತ. “ದಾದಾ, ಗೇರ್‌ಬಾಕ್ಸ್ ತೆಗೀಲೇನಾ?”

“ಬೇಡ!” ಎಡಗೈ ಎದೆಯ ಮಟ್ಟಕ್ಕೆ ಎದ್ದಿತು.

“ಹಂಗಾರೆ ರೇಡಿಯೇಟರ್?”

“ಬೇಡ.” ಈ ಸಲ ಮೆತ್ತಗೆ, ಕಣ್ಣು ಕೆಳಗೆ.

ಮೈದುನ ನನ್ನ ಕಡೆ ತಿರುಗಿದ. “ವೈನಿ, ಯಾವುದು ಹೌದು ಹೇಳ್ತಾ ಇದ್ದಾ?”

ಗಂಜಿ ಬೇಕಾದಾಗಲೂ ಇವರ ದನಿ ಹೀಗೇ ಜೋರಾಗುತ್ತಿತ್ತು. ಆದರೆ ಸಿಟ್ಟು ಬಂದಾಗಲೂ ಜೋರಾಗುತ್ತಿತ್ತು. ನಾನು ಹತ್ತಿರ ಹೋಗಿ, “ಗೇರ್‌ಬಾಕ್ಸ್ ಬೇಕಾ? ಬೇಕಾದ್ರೆ ನನ್ನ ಕೈ ಒತ್ತಿ” ಎಂದು ಬೆರಳುಗಳನ್ನು ಅವರ ಅಂಗೈಯಲ್ಲಿಟ್ಟೆ. ಒತ್ತಿದರು. ರೇಡಿಯೇಟರ್ ಎಂದೆ. ಒತ್ತಿದ್ದು ಸಡಿಲಾಗಲೇ ಇಲ್ಲ. ಅವರ ಹಣೆಯಲ್ಲಿ ಬೆವರೊಡೆದಿತ್ತು. ನಾನೂ ಇವರೂ ಒಬ್ಬರನ್ನೊಬ್ಬರು ನೋಡಿದೆವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದು ಕಬ್ಬಿಣದ ತುಂಡಿನ ಬಗ್ಗೆ ಅವರು ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ಗುಜರಿಯವನು ಸಿಲಿಂಡರ್ ತಳ್ಳಿಕೊಂಡು ಬಂದು ನಿಂತ.

“ಗೇರ್‌ಬಾಕ್ಸ್ ತೆಗೀರಿ” ಎಂದೆ ನಾನೇ.

ಬೋಲ್ಟುಗಳನ್ನು ಸಡಿಲಿಸುವಾಗ ಇವರು ‘ಬೇಡ, ಬೇಡ’ ಎಂದು ಕುರ್ಚಿಯ ಕೈಯನ್ನು ಬಡಿಯತೊಡಗಿದರು. ಖುಷಿಯಿರಬೇಕೆಂದು ಮೈದುನ ಹೇಳಿದ. ಇರಬೇಕೆಂದು ನಾನೂ ತಲೆಯಾಡಿಸಿದೆ.

ಆ ಗೇರ್‌ಬಾಕ್ಸ್ ಹಾಕಿದ ಗಾಡಿ ಬಹಳ ದಿನ ಓಡಲಿಲ್ಲ. ಒಂದು ಸಂಜೆ ಮೈದುನ ಮನೆಗೆ ಬಂದು ಅಣ್ಣನ ಎದುರೇ ಹೇಳಿದ: “ಮೂರನೇ ಗೇರು ನಿಲ್ಲೂದೇ ಇಲ್ಲ ವೈನಿ. ಒಳಗೆ ಹಲ್ಲೆಲ್ಲಾ ಸವೆದು ಹೋಗಿತ್ತು. ಕೋಡಿಬಾಗದ ಮೆಕ್ಯಾನಿಕ್ ಹೇಳ್ದಾ, ಕಾಯಿಲೆ ಬೀಳೂ ಮುಂಚೆ ದಾದಾ ಹೊಸಾದು ಹಾಕ್ಸಿದ್ದು ರೇಡಿಯೇಟರ್ ಅಂತೆ.”

ಇವರು ನಗತೊಡಗಿದರು. ಭುಜ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು. ಅಥವಾ ಅಳುತ್ತಿದ್ದರೇನೋ; ಕಾಯಿಲೆಯ ನಂತರ ಅವರಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸೆರಗಿನಿಂದ ಮುಖ ಒರೆಸಿದೆ.

ಮರುದಿನ ಮೈದುನ ರೇಡಿಯೇಟರ್ ಇನ್ನೂ ಉಳಿದಿದೆಯೋ ನೋಡಲು ಅಂಕೋಲಾಕ್ಕೆ ಹೋದ. ಮಧ್ಯಾಹ್ನ ಅಲ್ಲಿಂದ ಫೋನ್ ಮಾಡಿದ. “ಎಲ್ಲಾ ಕೊಯ್ದು ಲಾರಿಗೆ ತುಂಬಿಸಿ ಕಳ್ಸಿಬಿಟ್ಟಿದ್ದಾರೆ ವೈನಿ. ಎಂತದೂ ಇಲ್ಲ. ದಾದಾನಿಗೆ ಎಂತಾ ಹೇಳೂದು?”

ಇವರು ಮಂಚದಿಂದ ನನ್ನನ್ನೇ ನೋಡುತ್ತಿದ್ದರು. ನಾನು ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಅತ್ತ ಮಾತು ಮುಗಿದ ಮೇಲೂ ಸುಮ್ಮನೆ “ಹೂಂ, ಹೂಂ” ಎನ್ನುತ್ತ ನಿಂತೆ.